ಮಕ್ಕಳ ಕಥಾಮಾಲೆಯೂ ವಾಚಕರ ಹಟವೂ

ದೊಡ್ಡವರು ಪತ್ರಿಕೆಗೆ ಕಾಗದ ಬರೆಯುವುದು ಬಹುಮಟ್ಟಿಗೆ ತಮ್ಮ ಅಭಿಪ್ರಾಯವನ್ನು ಅಚ್ಚಿನಲ್ಲಿ ಕಾಣಬೇಕೆಂಬ ಅಪೇಕ್ಷೆಯಿಂದ. ಮಕ್ಕಳ ಕಾಗದವು ಅಂಥದಲ್ಲ. ಕಥೆಯು ಮುಂದೆ ಏನಾಯಿತೆಂಬುದಷ್ಟೇ ಅವರಿಗೆ ಬೇಕು. ಅದನ್ನು ಹೇಳದ ಸಂಪಾದಕನು ಎಷ್ಟೇ ದೊಡ್ಡ ವಿದ್ವಾಂಸನಾಗಿರಲಿ, ಅವರ ದೃಷ್ಟಿಯಲ್ಲಿ ಅಪರಾಧಿಯೇ ಸರಿ. ಮಸ್ಕಿಯ ಪೇಟೆಯಲ್ಲಿ ನಾಲ್ವರು ಕೂಡಿದ ಕಡೆ ‘ಚಂದಮಾಮ’ದ ಮಾತು ಎದ್ದರೆ ಐವತ್ತು ದಾಟಿದ ವಕೀಲರೂ, ಕಚೇರಿಯ ಗುಮಾಸ್ತರೂ, ಕಿರಾಣಿ ಅಂಗಡಿಯ ಸಾಹುಕಾರರೂ ಒಮ್ಮೆಲೇ ಹತ್ತು ವರ್ಷದ ಬಾಲಕರಾಗಿಬಿಡುವರು. ಇಂಥ ಸಂಚಿಕೆಯು ಕೈಗೆ ಸಿಕ್ಕಲಿಲ್ಲ, ಆ ಮಾಂತ್ರಿಕನು ಗುಹೆಯಿಂದ ಹೇಗೆ ತಪ್ಪಿಸಿಕೊಂಡನೆಂಬುದು ಇಂದಿಗೂ ತಿಳಿಯಲಿಲ್ಲ ಎಂದು ನಲವತ್ತು ವರ್ಷದ ಹಳೆಯ ದೂರನ್ನು ಅವರು ಒಪ್ಪಿಸುವ ರೀತಿಯನ್ನು ಕೇಳಿದವರಿಗೆ, ಇದನ್ನು ಕೇವಲ ಹುಡುಗಾಟಿಕೆಯೆಂದು ತಳ್ಳಿಹಾಕಲು ಮನಸ್ಸಾಗದು.

‘ಚಂದಮಾಮ’ವು ಮದರಾಸಿನಲ್ಲಿ ಶ್ರೀ ಬಿ. ನಾಗಿರೆಡ್ಡಿ ಮತ್ತು ಶ್ರೀ ಚಕ್ರಪಾಣಿಯವರ ಉದ್ಯಮದಿಂದ 1947ರ ಜುಲೈ ತಿಂಗಳಲ್ಲಿ ತೆಲುಗು ಮತ್ತು ತಮಿಳುಗಳಲ್ಲಿ ಹುಟ್ಟಿತು. ಕನ್ನಡದಲ್ಲಿ ಅದು ಹೊರಟದ್ದು 1949ರ ಜುಲೈದಲ್ಲಿ. ಮಿಕ್ಕ ಕನ್ನಡಿಗರಿಗೆ ಈ ತಾರೀಖಿನಲ್ಲಿ ವಿಶೇಷವೇನೂ ಕಾಣದಿರಬಹುದು. ನಮ್ಮ ರಾಯಚೂರು ಸೀಮೆಯವರಿಗೆ ಮಾತ್ರ ಉಂಟು. 1948ರ ಸೆಪ್ಟೆಂಬರದವರೆಗೆ ಈ ಸೀಮೆಯು ನಿಜಾಮರ ಆಳಿಕೆಯಲ್ಲಿದ್ದಿತು. ಮೇಲ್ತರಗತಿಗಳ ವಿದ್ಯೆಯೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದ ಕಾಲ. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆಯಂಥ ಕೆಲವು ಪ್ರಯತ್ನಗಳನ್ನು ಬಿಟ್ಟರೆ, ಹುಡುಗರು ಕನ್ನಡದ ಅಕ್ಷರವನ್ನು ಮನೆಯಲ್ಲಿಯೋ ಮಠದಲ್ಲಿಯೋ ಕಲಿಯಬೇಕಾಗಿದ್ದಿತು. ಆ ಆಳಿಕೆಯು ಮುಗಿದು ಹತ್ತು ತಿಂಗಳಾಗುವಷ್ಟರಲ್ಲಿ, ಬಣ್ಣದ ಮುಖಪುಟದ ಮಕ್ಕಳ ಮಾಸಪತ್ರಿಕೆಯೊಂದು ಕನ್ನಡದಲ್ಲಿ ಹೊರಟಿತು. ಯಾರೂ ಯೋಜಿಸಿ ಮಾಡಿದ ಕೆಲಸವಲ್ಲ, ಕಾಕತಾಳೀಯವೆಂದೇ ಹೇಳಬೇಕು. ಆದರೂ ಕನ್ನಡ ಓದಿನ ರುಚಿಯನ್ನು ನಮ್ಮ ಎರಡು ತಲೆಮಾರಿಗೆ ಹತ್ತಿಸಿದ್ದರಲ್ಲಿ ಪಠ್ಯಪುಸ್ತಕ ಮಂಡಳಿಗಳಿಗಿಂತ ಈ ಪತ್ರಿಕೆಯ ಪಾಲು ಹೆಚ್ಚಿನದೆಂದು ನಾವು ಧೈರ್ಯವಾಗಿ ಹೇಳಬಲ್ಲೆವು.

ಈ ರುಚಿಯನ್ನು ಹತ್ತಿಸಿದ್ದು ಅದರ ನೀತಿಕಥೆಗಳಲ್ಲ. ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದ ಧಾರಾವಾಹಿಗಳು. ತೆಲುಗಿನಲ್ಲಿ 1954ರಲ್ಲಿ ‘ತೋಕಚುಕ್ಕ’ ಎಂಬುದರಿಂದ ಈ ಮಾಲೆಯು ಮೊದಲಾಗಿ ‘ಮಕರದೇವತ’, ‘ಕಂಚುಕೋಟ’, ‘ರಾಕಾಸಿಲೋಯ’, ‘ಪಾತಾಳದುರ್ಗಂ’ ಎಂದು ಮುಂದುವರಿಯಿತು; ಇವುಗಳ ಕನ್ನಡ ರೂಪಗಳು ನಮ್ಮ ಮಕ್ಕಳ ಕೈ ಸೇರಿದುವು. ‘ಚಿತ್ರಾ’ ಎಂಬ ಹೆಸರಿನಿಂದ ಚಿತ್ರ ಬರೆಯುತ್ತಿದ್ದ ಕಲಾವಿದರು ಆ ರಾಕ್ಷಸರಿಗೂ ಬೃಹತ್ ಪಕ್ಷಿಗಳಿಗೂ ಕೊಟ್ಟ ರೂಪವೇ ಇಂದಿಗೂ ಕಣ್ಣಿನಲ್ಲಿ ನಿಂತಿರುವುದು. ಒಂದು ಕಂತು ಮುಗಿಯುವ ಸ್ಥಳವನ್ನು ಕಥೆಗಾರರು ಬಹು ನಿರ್ದಯದಿಂದ ಆರಿಸುತ್ತಿದ್ದರು. ವೀರನು ಬಾವಿಯಲ್ಲಿ ಬೀಳುತ್ತಿರುವನು, ಕೆಳಗೆ ಏನೋ ಹೊಳೆಯುತ್ತಿರುವುದು. ಅಲ್ಲಿಗೆ ಪುಟ ಮುಗಿಯಿತು, ಇನ್ನು ಮೂವತ್ತು ದಿನ.

ಆ ಮೂವತ್ತು ದಿನಗಳಲ್ಲಿ ನಡೆಯುತ್ತಿದ್ದುದನ್ನು ನಾವು ಕಂಡು ಬಲ್ಲೆವು. ಸಂಚಿಕೆಯು ಮಸ್ಕಿಗೆ ಬರುವುದು ಲಿಂಗಸುಗೂರಿನ ಕಡೆಯಿಂದಲೋ ಸಿಂಧನೂರಿನ ಕಡೆಯಿಂದಲೋ ಬರುವ ಬಸ್ಸಿನಲ್ಲಿ. ಓಣಿಗೆ ಒಂದೇ ಪ್ರತಿ. ಓದು ಬಲ್ಲವನು ಗಟ್ಟಿಯಾಗಿ ಓದಬೇಕು, ಉಳಿದವರು ಸುತ್ತ ಕೂಡಬೇಕು. ಓದುವವನು ತೊದಲಿದರೆ ಪೆಟ್ಟು. ಓದಿ ಮುಗಿದ ಕೂಡಲೆ ಪಕ್ಷಗಳೇಳುವುವು: ಬಾವಿಯೊಳಗೆ ನಾಗಲೋಕವಿದೆಯೆಂದು ಒಬ್ಬನ ವಾದ, ಅಲ್ಲ ಅದು ಮಾಂತ್ರಿಕನ ಕಣ್ಕಟ್ಟೆಂದು ಇನ್ನೊಬ್ಬನದು. ಮುಂದಿನ ಕಂತು ಬಂದಾಗ ಕಥೆಗಾರನು ತಮ್ಮ ಊಹೆಗೆ ವಿರುದ್ಧವಾಗಿ ನಡೆದಿದ್ದರೆ, ಅವನಿಗೇ ಬುದ್ಧಿಯಿಲ್ಲವೆಂದು ತೀರ್ಪು. ಮನೆಯ ಅಜ್ಜಿಯೂ ಹಸುವಿನ ಮುಂದೆ ಮೇವು ಹಾಕುತ್ತ, ಆ ಹುಡುಗ ಬಾವಿಯಿಂದ ಎದ್ದನೇನಪ್ಪಾ ಎಂದು ವಿಚಾರಿಸುವಳು. ಅಕ್ಷರ ಬಾರದ ಅಜ್ಜಿಯನ್ನು ಚಂದಾದಾರಳನ್ನಾಗಿ ಮಾಡಿಕೊಂಡ ಪತ್ರಿಕೆಗಳು ಎಷ್ಟಿವೆ? ನಮ್ಮದಂತೂ ಅಲ್ಲ.

ಈ ವಾಚಕರ ಹಟಕ್ಕೆ ಬಲವೆಷ್ಟೆಂಬುದು ಅರವತ್ತರ ದಶಕದಲ್ಲಿ ಬೆಳಕಿಗೆ ಬಂದಿತು. ಚಕ್ರಪಾಣಿಯವರಿಗೆ ಈ ಮಾಯಾಮಂತ್ರದ ಧಾರಾವಾಹಿಗಳಲ್ಲಿ ಅಷ್ಟಾಗಿ ಪ್ರೀತಿಯಿರಲಿಲ್ಲವೆಂದೂ, ವಾಚಕರ ಅಭಿರುಚಿಯನ್ನು ಮೇಲೆತ್ತಬೇಕೆಂದು ಅವುಗಳನ್ನು ನಿಲ್ಲಿಸಿ ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ಕಂತುಕಂತಾಗಿ ಕೊಡಿಸಿದರೆಂದೂ ಆ ಪತ್ರಿಕೆಯ ಬಳಗದವರು ಹೇಳುತ್ತ ಬಂದಿರುವರು. ಬಂಕಿಮರು ಮಹಾಪುರುಷರೆಂಬುದನ್ನು ಅಲ್ಲಗಳೆಯುವರಾರು? ಆದರೆ ಹುಡುಗರು ಮಹಾಪುರುಷರನ್ನು ಕೇಳಿರಲಿಲ್ಲ, ಮಾಂತ್ರಿಕನನ್ನು ಕೇಳಿದ್ದರು. ಅವರಿಗೆ ಬದಲಾವಣೆಯು ಹಿಡಿಸಲಿಲ್ಲ. 1966ರಲ್ಲಿ ‘ಪಾತಾಳದುರ್ಗಂ’ ಮೊದಲಾಗಿ ರಾಕ್ಷಸರು ಸಕಲ ಮರ್ಯಾದೆಗಳೊಡನೆ ಹಿಂದಿರುಗಿದರು. ಯಜಮಾನನ ಒಳ್ಳೆಯ ಉದ್ದೇಶವನ್ನು ಚಂದಾದಾರನ ಒಳ್ಳೆಯ ಅಭಿರುಚಿಯು ಸೋಲಿಸಿದ ಇಂಥ ಪ್ರಸಂಗಗಳು ಪತ್ರಿಕಾಲೋಕದಲ್ಲಿ ಅಪರೂಪ. ನಾವೂ ಯಜಮಾನರಾದುದರಿಂದ ಇದನ್ನು ಬರೆಯುವಾಗ ನಮಗೆ ಪೂರ್ತಿ ಸಂತೋಷವಾಗುತ್ತಿದೆಯೆಂದು ಹೇಳಲಾರೆವು.

ಪರದೇಶಗಳಲ್ಲಿಯೂ ಇದೇ ಕಥೆ. ಇಟಲಿಯ ಕೊಲ್ಲೋದಿ ಎಂಬ ಲೇಖಕನು ರೋಮಿನ ಮಕ್ಕಳ ಪತ್ರಿಕೆಯೊಂದರಲ್ಲಿ ಮರದ ಗೊಂಬೆಯ ಕಥೆಯನ್ನು 1881ರ ಜುಲೈದಿಂದ ಬರೆಯತೊಡಗಿ, ಅದೇ ವರ್ಷದ ಅಕ್ಟೋಬರದಲ್ಲಿ, ಹದಿನೈದನೆಯ ಅಧ್ಯಾಯದ ಕೊನೆಗೆ, ಆ ಗೊಂಬೆಯನ್ನು ಮರಕ್ಕೆ ನೇತುಹಾಕಿ ಕೈ ತೊಳೆದುಕೊಂಡನು. ಬಾಲವಾಚಕರು ಒಪ್ಪಲಿಲ್ಲ. 1882ರ ಫೆಬ್ರುವರಿಯಲ್ಲಿ ಕೊಲ್ಲೋದಿಯು ಗೊಂಬೆಯನ್ನು ಮರದಿಂದ ಇಳಿಸಿ, ಉಪಚಾರ ಮಾಡಿಸಿ, ಕಥೆಯನ್ನು ಮುಂದುವರಿಸಬೇಕಾಯಿತು. ಇಂದು ಪಿನೋಕಿಯೋ ಎಂದು ಲೋಕವೇ ಬಲ್ಲ ಗ್ರಂಥವು 1883ರಲ್ಲಿ ಪೂರ್ತಿಯಾದದ್ದು ಹೀಗೆ. ಮಕ್ಕಳು ಸುಮ್ಮನಿದ್ದಿದ್ದರೆ ಅರ್ಧಕ್ಕಿಂತ ಹೆಚ್ಚು ಪುಸ್ತಕವು ಹುಟ್ಟುತ್ತಲೇ ಇರಲಿಲ್ಲ. ಅಮೆರಿಕದ ಬಾಮ್ ಎಂಬವನು 1900ರಲ್ಲಿ ಆರಂಭಿಸಿದ ‘ಓಜ್’ ಎಂಬ ಮಾಯಾರಾಜ್ಯದ ಮಾಲೆಯನ್ನು 1910ರ ಆರನೆಯ ಪುಸ್ತಕದಲ್ಲಿ ಮುಗಿಸಬೇಕೆಂದು, ಆ ರಾಜ್ಯವನ್ನೇ ಹೊರಗಿನವರ ಕಣ್ಣಿಗೆ ಕಾಣದಂತೆ ಮರೆಮಾಡಿದನು. ಮಕ್ಕಳ ಕಾಗದಗಳು ನಿಲ್ಲಲಿಲ್ಲ. ತಂತಿಯಿಲ್ಲದ ತಾರು ಬಂದಿರುವಾಗ ಆ ರಾಜ್ಯದ ಸುದ್ದಿಯನ್ನು ಅದರಿಂದ ತರಿಸಬಹುದಲ್ಲವೇ ಎಂಬ ಉಪಾಯವು ಮಗುವೊಂದರಿಂದಲೇ ಬಂದಿತೆಂದು ಅವನೇ ಬರೆದುಕೊಂಡನು. 1913ರಲ್ಲಿ ಮಾಲೆಯು ಮತ್ತೆ ಸಾಗಿತು.

ನಮ್ಮ ದೇಶದಲ್ಲಿ, ಲಖನೌದ ನವಲಕಿಶೋರ ಮುದ್ರಣಾಲಯದಿಂದ 1883ರಿಂದ ಹೊರಬಂದ ‘ತಿಲಿಸ್ಮೆ ಹೋಶ್‌ರುಬಾ’ದ ಸಂಪುಟಗಳಿಗೆ ಉರ್ದು ಬಲ್ಲ ಜನರೆಲ್ಲ ಮರುಳಾದರು. 1888ರಲ್ಲಿ ಕಾಶಿಯ ದೇವಕೀನಂದನ ಖತ್ರಿಯವರ ‘ಚಂದ್ರಕಾಂತಾ’ವನ್ನು ಓದುವುದಕ್ಕಾಗಿಯೇ ಅನೇಕರು ನಾಗರೀ ಲಿಪಿಯನ್ನು ಕಲಿತರೆಂಬುದು ಹಿಂದೀ ಸಾಹಿತ್ಯದವರ ಪ್ರಸಿದ್ಧವಾದ ಮಾತು. ಭಾಷೆಯ ಪ್ರಚಾರಕ್ಕಾಗಿ ಸಭೆ ಕೂಡಿಸಿ ಠರಾವು ಪಾಸು ಮಾಡುವ ಮಹನೀಯರು ಈ ಸಂಗತಿಯನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು.

ಇಲ್ಲಿ ಒಂದು ಆಕ್ಷೇಪವನ್ನು ವಿಚಾರಿಸುವುದು ಅವಶ್ಯ. ಹುದ್ದೆಯಲ್ಲಿರುವ ನಮ್ಮ ಮಿತ್ರರೊಬ್ಬರು, ಬೇತಾಳ ರಾಕ್ಷಸರ ಕಥೆಗಳು ಮಕ್ಕಳಲ್ಲಿ ಮೌಢ್ಯವನ್ನು ಬಿತ್ತುವುವೆಂದೂ, ಅವರಿಗೆ ವಿಜ್ಞಾನವನ್ನು ಕೊಡಬೇಕೆಂದೂ ವಾದಿಸುವರು. ವಿಜ್ಞಾನವನ್ನು ಕೊಡಲೇಬೇಕು; ಶ್ರೀ ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ‘ಬಾಲಪ್ರಪಂಚ’ವನ್ನು ಕೊಟ್ಟು ದಾರಿ ತೋರಿಸಿದರು. ಆದರೆ ಎರಡಕ್ಕೂ ವಿರೋಧವೆಲ್ಲಿ? 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೆ ‘ಚಂದಮಾಮ’ದ ಸಂಪಾದಕತ್ವವನ್ನು ವಹಿಸಿದ್ದ ಕೊಡವಟಿಗಂಟಿ ಕುಟುಂಬರಾಯರು ಸಮತಾವಾದದ ಕಡೆಗೆ ಒಲಿದ, ಕುರುಡುನಂಬಿಕೆಯನ್ನು ಒಪ್ಪದ ಲೇಖಕರು. ಅಂಥವರೇ ಇಪ್ಪತ್ತೆಂಟು ವರ್ಷ ಬೇತಾಳನನ್ನು ಪೋಷಿಸಿದರು. ಕಾರಣವು ಸ್ಪಷ್ಟ. ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಬೇತಾಳನ ಕಥೆಗಳು ಇಪ್ಪತ್ತೈದು, ‘ಚಂದಮಾಮ’ದಲ್ಲಿ ಅವು ಹೊಸಹೊಸದಾಗಿ ಕಟ್ಟಲ್ಪಟ್ಟು ನೂರಾರಾದುವು. ಪ್ರತಿಯೊಂದರ ಕೊನೆಗೂ ನ್ಯಾಯದ ಪ್ರಶ್ನೆ. ರಾಜನು ಉತ್ತರ ಹೇಳುವ ಮೊದಲೇ ಹುಡುಗನು ಪುಸ್ತಕವನ್ನು ಮುಚ್ಚಿ ತಾನೇ ತೀರ್ಪು ಕೊಡುವನು. ಹೆಣವು ಮಾತಾಡುವುದನ್ನು ಅವನು ನಂಬುವುದಿಲ್ಲ. ತನ್ನ ತೀರ್ಪನ್ನು ನಂಬುವನು. ನಮ್ಮ ಮಿತ್ರರ ಕಚೇರಿಯಲ್ಲಿ ಇಷ್ಟು ಶೀಘ್ರವಾಗಿ ತೀರ್ಪು ಹೊರಡುವುದನ್ನು ನಾವು ಕಂಡಿಲ್ಲ.

ಹಾಗೆಂದು ಆ ಮಾಲೆಯಲ್ಲಿ ದೋಷವೇ ಇಲ್ಲವೆಂದಲ್ಲ. ರಾಜಕುಮಾರಿಗೆ ಅಪಹರಣಕ್ಕೊಳಗಾಗುವುದನ್ನೂ ಕೊನೆಗೆ ಮದುವೆಯಾಗುವುದನ್ನೂ ಬಿಟ್ಟರೆ ಕೆಲಸವು ಬಹಳ ಕಡಮೆ. ಓದುವ ಹುಡುಗಿಯರು ಇದನ್ನು ಆಗಲೇ ಗೊಣಗಿಕೊಂಡಿದ್ದರು. ಅವರ ಗೊಣಗಾಟವನ್ನು ಕೇಳಿದವರು ಕಡಮೆ.

ಇನ್ನೊಂದು ಸಂಗತಿ. ಈ ಧಾರಾವಾಹಿಗಳನ್ನು ಬರೆದವರ ಹೆಸರು ಅವುಗಳ ಮೇಲೆ ಅಚ್ಚಾಗುತ್ತಿರಲಿಲ್ಲ. 1952ರಿಂದ 2006ರ ತನಕ ಆ ಕಚೇರಿಯಲ್ಲಿ ದುಡಿದ ದಾಸರಿ ಸುಬ್ರಹ್ಮಣ್ಯಂ ಎಂಬವರೇ ಆ ಮಾಂತ್ರಿಕರೆಲ್ಲರ ಜನಕರೆಂಬುದು ಲಕ್ಷಾಂತರ ವಾಚಕರಿಗೆ ಬಹುಕಾಲ ತಿಳಿದಿರಲಿಲ್ಲ. ಅಭಿಮಾನಿಗಳು ಹುಡುಕಿ ಆ ಹೆಸರನ್ನು ಬೆಳಕಿಗೆ ತರುವ ವೇಳೆಗೆ ಅವರು ವೃದ್ಧರಾಗಿದ್ದರು, 2010ರಲ್ಲಿ ತೀರಿಕೊಂಡರು. ಮಸ್ಕಿಯವರಾದ ನಮಗೆ ಈ ಹೆಸರಿನ ವಿಷಯವು ಹೊಸದಲ್ಲ. ದೇಶದ ಬಂಡೆಬಂಡೆಗಳ ಮೇಲೆ ‘ದೇವಾನಾಂಪ್ರಿಯ’ನೆಂಬ ಬಿರುದಿನಿಂದಷ್ಟೇ ಮಾತಾಡಿದ ಅರಸನು ಯಾರೆಂಬುದನ್ನು ಪಂಡಿತರು ಸಿಂಹಳದ ಗ್ರಂಥಗಳನ್ನು ಕೂಡಿಸಿ ಊಹಿಸಬೇಕಾಗಿದ್ದಿತು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಎಂಬವರು ನಮ್ಮೂರ ಗುಡ್ಡದ ಶಾಸನವನ್ನು ಕಂಡ ಮೇಲೆ, ಅಶೋಕನೆಂಬ ಹೆಸರು ಕಲ್ಲಿನ ಮೇಲೆಯೇ ಮೊದಲ ಬಾರಿಗೆ ದೊರೆಯಿತು. ಬರೆಯಿಸಿದವನ ಹೆಸರು ತಿಳಿಯದೆ ಓದುವುದಕ್ಕೂ ತಿಳಿದು ಓದುವುದಕ್ಕೂ ಇರುವ ಅಂತರವನ್ನು ಈ ಊರಿನವರಿಗೆ ವಿವರಿಸಬೇಕಾಗಿಲ್ಲ.

‘ಚಂದಮಾಮ’ವು 1998ರಲ್ಲಿ ನಿಂತು, 1999ರಲ್ಲಿ ಮತ್ತೆ ಎದ್ದು, 2007ರಲ್ಲಿ ಮುಂಬಯಿಯ ಕಂಪನಿಯೊಂದರ ಕೈಸೇರಿ, 2013ರ ಹೊತ್ತಿಗೆ ಪೂರ್ತಿಯಾಗಿ ನಿಂತುಹೋಯಿತು. ಡಿಂಗನೆಂಬ ಇಲಿಯ ಪರಾಕ್ರಮಗಳಿಂದ ಮಕ್ಕಳನ್ನು ಸೆಳೆದಿದ್ದ ‘ಬಾಲಮಂಗಳ’ವೂ ಇಂದು ಇಲ್ಲ. ಕೈಯೊಳಗಿನ ಫೋನಿನಲ್ಲಿ ಹತ್ತು ಕಂತುಗಳು ಒಂದೇ ರಾತ್ರಿಗೆ ದೊರೆಯುವಾಗ ದಾರಿ ಕಾಯುವುದೆಂಬುದೇ ಉಳಿಯದು. ಕಾಯದವನು ಊಹಿಸುವುದಿಲ್ಲ, ಓಣಿಯಲ್ಲಿ ವಾದ ಮಾಡುವುದೂ ಇಲ್ಲ.

ಸರಕಾರದವರು ಪುಸ್ತಕಾಲಯಗಳಿಗೆ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 1965ರ ಕಾಯಿದೆಯ ಮೇರೆಗೆ ಆಸ್ತಿ ತೆರಿಗೆಯೊಡನೆ ನೂರಕ್ಕೆ ಆರರಂತೆ ಗ್ರಂಥಾಲಯ ಕರವು ವಸೂಲಾಗುತ್ತಿರುವುದು. 2020ರ ನವೆಂಬರದಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಿಂದ, ಆರರಿಂದ ಹದಿನೆಂಟು ವರ್ಷದ ಮಕ್ಕಳನ್ನು ಗ್ರಾಮ ಪಂಚಾಯತಿಯ ಗ್ರಂಥಾಲಯಗಳಿಗೆ ಹಣವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಳ್ಳುವ ಕಾರ್ಯವು ಮೊದಲಾಯಿತು. ಕಪಾಟು ಇದೆ, ಸದಸ್ಯತ್ವವೂ ಇದೆ. ಬರುವ ತಿಂಗಳು ಅದೇ ಕಪಾಟಿಗೆ ಮತ್ತೆ ಬರಬೇಕೆಂದು ಹುಡುಗನನ್ನು ಚುಚ್ಚಿ ಎಬ್ಬಿಸುವ ‘ಮುಂದಿನ ಕಂತು’ ಇಲ್ಲ.

ಸ್ವಾಭಿಮಾನಿಗಳಾದ ಕನ್ನಡಿಗರಿಗೆ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ. ನಾವು ಮೆಚ್ಚಿ ಓದಿದ್ದು ತೆಲುಗಿನಿಂದ ಇಳಿದು ಬಂದ ಕಥೆ. ಸೋದರ ಭಾಷೆಯ ಉಪಕಾರವನ್ನು ಸ್ಮರಿಸೋಣ. ಆದರೆ ನಮ್ಮ ಸೀಮೆಯಲ್ಲಿ ಸಾಮಗ್ರಿಗೆ ಕೊರತೆಯೇ? ಕೃಷ್ಣೆಯು ಸುತ್ತುವರಿದ ಜಲದುರ್ಗ, ಮುದಗಲ್ಲಿನ ಕೋಟೆ, ಹಟ್ಟಿಯಲ್ಲಿ ನೆಲದಾಳಕ್ಕೆ ಇಳಿದು ಚಿನ್ನ ತೆಗೆಯುವ ಸುರಂಗಗಳು, ಮಸ್ಕಿಯ ಗುಡ್ಡದ ಬಂಡೆಗಳು. ಪಾತಾಳದುರ್ಗವನ್ನು ಮದರಾಸಿನ ಮೇಜಿನ ಮುಂದೆ ಕುಳಿತು ಕಲ್ಪಿಸಬೇಕಾಗಿದ್ದಿತು. ನಮ್ಮ ಲೇಖಕರು ಬಸ್ಸು ಹತ್ತಿದರೆ ಸಾಕು.

ಆದುದರಿಂದ ನಮ್ಮ ಪತ್ರಿಕೆಯು ತಿಂಗಳ ಮೊದಲನೆಯ ಭಾನುವಾರ ಮಕ್ಕಳ ಅದ್ಭುತಕಥೆಯೊಂದರ ಕಂತಿಗೆ ಒಂದು ಪುಟವನ್ನು ತೆಗೆದಿಡಲು ನಿಶ್ಚಯಿಸಿರುವುದು. ಬರೆಯಬಲ್ಲ ಉಪಾಧ್ಯಾಯರೂ ಇತರರೂ ಮೊದಲ ಮೂರು ಕಂತುಗಳನ್ನು ನಮ್ಮ ಕಚೇರಿಗೆ ಕಳುಹಿಸಬೇಕು. ಲೇಖಕರ ಹೆಸರನ್ನು ತಪ್ಪದೆ ಅಚ್ಚು ಹಾಕುವೆವು. ರಾಜಕುಮಾರಿಗೆ ಕೈತುಂಬ ಕೆಲಸವಿರಲಿ. ಮಕ್ಕಳಿಂದ ಬರುವ ಕಾಗದಗಳನ್ನು ನಾವು ತಿದ್ದದೆ, ಬೈಗುಳಗಳ ಸಮೇತ, ಲೇಖಕರಿಗೇ ಮುಟ್ಟಿಸುವೆವು. ಮೂರನೆಯ ಕಂತಿನಲ್ಲಿ ಯಾರನ್ನಾದರೂ ಮರಕ್ಕೆ ನೇತುಹಾಕಬೇಕೆಂದಿರುವವರು ನಾಲ್ಕನೆಯದನ್ನು ಸಿದ್ಧವಾಗಿಟ್ಟುಕೊಂಡೇ ಹಾಗೆ ಮಾಡಬೇಕು.