ದಾರಿ ತೆರೆದು ಪರಮವೀರರಾದ ಚೆಂಡಿಯಾದ ರಾಮ ರಾಘೋಬಾ ರಾಣೆ

ಕಾರವಾರದ ಟಾಗೋರ್ ಕಡಲತೀರಕ್ಕೆ ಹೋದವರು ಅಲ್ಲಿನ ಯುದ್ಧನೌಕೆ ಐಎನ್‌ಎಸ್ ಚಪಲ್ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದು ವಾಡಿಕೆ. ಅದೇ ತೀರದಲ್ಲಿ ಸೇನಾ ಸಮವಸ್ತ್ರದ ಒಂದು ಪ್ರತಿಮೆಯೂ ಇದೆ. ಧರ್ಮಕೇಂದ್ರದ ಯುವಜನರೊಂದಿಗೆ ಅಲ್ಲಿಗೆ ಹೋಗಿದ್ದಾಗ ಇವರು ಯಾರು ಎಂದು ನಾವು ಕೇಳಿದೆವು. ಫಲಕ ಓದಿ ಹೆಸರು ಹೇಳಿದರು, ಪರಮವೀರ ಚಕ್ರ ಪಡೆದವರು ಎಂದೂ ಹೇಳಿದರು. ಯಾವ ಸಾಹಸಕ್ಕೆ ಎಂದಾಗ, "ಶತ್ರುಗಳನ್ನು ಕೊಂದಿರಬೇಕು ಫಾದರ್" ಎಂಬ ಉತ್ತರ ಬಂತು. ಆ ಉತ್ತರವೇ ಈ ಲೇಖನಕ್ಕೆ ಕಾರಣ. ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬಾ ರಾಣೆಯವರಿಗೆ ದೇಶದ ಅತ್ಯುನ್ನತ ಶೌರ್ಯ ಪದಕ ದೊರೆತದ್ದು ರಸ್ತೆ ಮಾಡಿದ್ದಕ್ಕೆ.

ರಾಣೆಯವರು ಹುಟ್ಟಿದ್ದು 1918ರ ಜೂನ್ 26ರಂದು. ಕಾರವಾರ ತಾಲೂಕಿನ ಚೆಂಡಿಯಾ ಅವರ ಊರು. ತಂದೆ ಪೊಲೀಸ್ ಕಾನ್‌ಸ್ಟೇಬಲ್. ವರ್ಗಾವಣೆಯ ನೌಕರಿಯಾದ್ದರಿಂದ ಮಗನ ಶಾಲೆ ಊರಿಂದೂರಿಗೆ ಬದಲಾಗುತ್ತಿತ್ತು. ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1940ರ ಜುಲೈಯಲ್ಲಿ ಅವರು ಸೇನೆಯ ಬಾಂಬೆ ಎಂಜಿನಿಯರ್ಸ್ ವಿಭಾಗಕ್ಕೆ ಸೇರಿದರು. ತರಬೇತಿಯಲ್ಲಿ ಅತ್ಯುತ್ತಮ ರಿಕ್ರೂಟ್ ಎನಿಸಿಕೊಂಡರು.

ಎಂಜಿನಿಯರ್ಸ್ ಎಂದರೆ ಕಚೇರಿಯಲ್ಲಿ ನಕ್ಷೆ ಬರೆಯುವವರೆಂದು ತಿಳಿಯಬಾರದು. ಯುದ್ಧಭೂಮಿಯಲ್ಲಿ ಸೇತುವೆ ಕಟ್ಟುವುದು, ಹಿಂದೆ ಸರಿಯುವಾಗ ಅದೇ ಸೇತುವೆ ಒಡೆಯುವುದು, ಶತ್ರು ಹುಗಿದಿಟ್ಟ ನೆಲಬಾಂಬ್‌ಗಳನ್ನು ಹುಡುಕಿ ತೆಗೆಯುವುದು, ಅಡ್ಡ ಹಾಕಿದ ಮರ ಕಲ್ಲುಗಳನ್ನು ಸಿಡಿಮದ್ದಿನಿಂದ ಸಿಡಿಸುವುದು ಇವರ ಕೆಲಸ. ಎರಡೂ ಕೈ ಕೆಲಸದಲ್ಲಿರುವಾಗ ಎದುರಿನಿಂದ ಗುಂಡು ಬಂದರೆ ತಿರುಗಿ ಹೊಡೆಯಲು ಆಗುವುದಿಲ್ಲ. ನಂಬಿಕೆಯೆಲ್ಲ ಹಿಂದಿರುವ ತನ್ನ ಜನರ ಮೇಲೆ.

ಎರಡನೆಯ ಮಹಾಯುದ್ಧದಲ್ಲಿ ರಾಣೆಯವರು ಬರ್ಮಾದಲ್ಲಿದ್ದರು. ಅರಕಾನ್‌ನಿಂದ ಸೇನೆ ಹಿಂದೆ ಸರಿಯುವಾಗ, ಬುತಿದಾಂಗ್‌ನಲ್ಲಿದ್ದ ಮುಖ್ಯ ಸಾಮಗ್ರಿಗಳು ಜಪಾನೀಯರ ಕೈಗೆ ಸಿಗದಂತೆ ನಾಶಮಾಡಲು ಅವರನ್ನೂ ಒಂದು ಸಣ್ಣ ತಂಡವನ್ನೂ ಹಿಂದೆ ಬಿಡಲಾಯಿತು. ಕೆಲಸ ಮುಗಿಯಿತು. ಕರೆದೊಯ್ಯಬೇಕಾಗಿದ್ದ ನೌಕಾಪಡೆಯ ನೆರವು ಮಾತ್ರ ದೊರೆಯಲಿಲ್ಲ. ಜಪಾನಿ ಕಾವಲಿದ್ದ ನದಿಯನ್ನು ತಾವೇ ದಾಟಿ ತಂಡ ತನ್ನವರನ್ನು ಸೇರಿಕೊಂಡಿತು. ಆ ಕೂಡಲೇ ರಾಣೆ ಹವಾಲ್ದಾರ್ ಆದರು. 1947ರಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಹುದ್ದೆ ದೊರೆಯಿತು. ಸಾಮಾನ್ಯ ಸಿಪಾಯಿಯಾಗಿ ಸೇರಿದವನು ಅಧಿಕಾರಿಯಾಗುವುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಇನ್ನು ಜಮ್ಮು ಪ್ರಾಂತ್ಯದ ಕಥೆ. ರಜೌರಿ ಪಟ್ಟಣ 1947ರ ನವೆಂಬರ್‌ನಿಂದ ದಾಳಿಕೋರರ ವಶದಲ್ಲಿತ್ತು, ಅಲ್ಲಿ ಸಾವಿರಾರು ಜನರ ಹತ್ಯೆ ನಡೆದಿತ್ತು. 1948ರ ಏಪ್ರಿಲ್‌ನಲ್ಲಿ ನಮ್ಮ ಸೇನೆ ನೌಶೇರಾದಿಂದ ಉತ್ತರಕ್ಕೆ, ರಜೌರಿಯತ್ತ ಹೊರಟಿತು. ಒಂದೊಂದು ದಿನದ ತಡವೂ ಅಲ್ಲಿ ಉಳಿದಿದ್ದವರ ಜೀವಕ್ಕೆ ಸಂಬಂಧಿಸಿದ್ದಾಗಿತ್ತು. ಟ್ಯಾಂಕುಗಳು ಹೋಗದೆ ಗೆಲುವಿಲ್ಲ, ರಸ್ತೆಯಿಲ್ಲದೆ ಟ್ಯಾಂಕುಗಳು ಹೋಗುವುದಿಲ್ಲ. ಶತ್ರು ಇದನ್ನು ಚೆನ್ನಾಗಿ ಬಲ್ಲವನಾಗಿದ್ದ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಇಳಿಜಾರು ಇರುವ ಆ ಹಾದಿಗೆ ದೊಡ್ಡ ಪೈನ್ ಮರಗಳನ್ನು ಕಡಿದು ಕೆಡವಿದ್ದ, ಮೋರಿಗಳನ್ನು ಒಡೆದಿದ್ದ, ನೆಲಬಾಂಬ್ ಹುಗಿದಿದ್ದ. ಮೇಲಿನಿಂದ ಮಷಿನ್ ಗನ್ ಗುರಿಯಿಟ್ಟು ಕೂತಿದ್ದ.

ಏಪ್ರಿಲ್ 8. ನೌಶೇರಾದಿಂದ 11 ಕಿಲೋಮೀಟರ್ ದೂರದ ಬರ್ವಾಲಿ ದಿಣ್ಣೆಯನ್ನು 4ನೇ ಡೋಗ್ರಾ ಪಡೆ ಹಿಡಿಯಬೇಕಾಗಿತ್ತು. ನೆಲಬಾಂಬ್ ತೆಗೆಯುವ ತಂಡ ಟ್ಯಾಂಕುಗಳ ಹತ್ತಿರ ಕಾಯುತ್ತಿದ್ದಾಗಲೇ ಮಾರ್ಟರ್ ಗುಂಡುಗಳು ಬಿದ್ದವು. ಇಬ್ಬರು ಸತ್ತರು. ಐವರು ಗಾಯಗೊಂಡರು, ಅವರಲ್ಲಿ ರಾಣೆ ಒಬ್ಬರು. ಅಲ್ಲಿಗೆ ಅವರನ್ನು ಹಿಂದಕ್ಕೆ ಕಳುಹಿಸಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಉಳಿದವರನ್ನು ಒಟ್ಟುಗೂಡಿಸಿ ಕೆಲಸ ಶುರುಮಾಡಿದರು. ಸಂಜೆಗೆ ಬರ್ವಾಲಿ ವಶವಾಯಿತಾದರೂ ಮುಂದಿನ ಜಾಗದಲ್ಲಿ ಶತ್ರುಗಳಿದ್ದರು. ಮಷಿನ್ ಗನ್ ಸದ್ದಿನ ನಡುವೆಯೇ ಟ್ಯಾಂಕುಗಳಿಗಾಗಿ ಬದಲಿ ದಾರಿ ತೋಡುವ ಕೆಲಸ ರಾತ್ರಿ 10ರವರೆಗೆ ನಡೆಯಿತು.

ಮರುದಿನ ಬೆಳಿಗ್ಗೆ 6ರಿಂದ ಮಧ್ಯಾಹ್ನ 3ರವರೆಗೆ ದುಡಿದ ಮೇಲೆ ಬದಲಿ ದಾರಿ ಸಿದ್ಧವಾಯಿತು. ಟ್ಯಾಂಕುಗಳು ಹೊರಟಾಗ ರಾಣೆ ಎಲ್ಲಕ್ಕಿಂತ ಮುಂದಿನ ವಾಹನ ಹತ್ತಿದರು. ಅರ್ಧ ಮೈಲಿ ಹೋಗುವಷ್ಟರಲ್ಲಿ ಪೈನ್ ಮರಗಳು ಅಡ್ಡ. ಇಳಿದು ಸಿಡಿಸಿದರು. 300 ಗಜ ಹೋದರೆ ಮತ್ತೆ ಮರಗಳು. ಅದಾದ ಮೇಲೆ ಒಡೆದ ಮೋರಿ. ಕೈ ಹಾಕುವ ಮೊದಲೇ ಗುಂಡಿನ ಮಳೆ. ಅಲ್ಲೂ ಬದಲಿ ದಾರಿಯಾಯಿತು. ಸಂಜೆ 6.15ಕ್ಕೆ ಐದು ಭಾರೀ ಮರಗಳ ಅಡ್ಡಿ ಎದುರಾಯಿತು, ಸುತ್ತಲೂ ನೆಲಬಾಂಬ್. ಅವುಗಳನ್ನು ತೆಗೆಯಲು ರಾಣೆ ಕೈಹಾಕಿದ್ದರು. ಕತ್ತಲಾಗುತ್ತಿದ್ದುದರಿಂದ ಟ್ಯಾಂಕ್ ಪಡೆಯ ಕಮಾಂಡರ್ ಅಂದಿಗೆ ಸಾಕೆಂದು ಸುರಕ್ಷಿತ ಜಾಗದಲ್ಲಿ ತಂಗಿದರು.

10ರಂದು ಬೆಳಗಿನ ಜಾವ 4.45ಕ್ಕೇ ರಾಣೆ ಆ ಮರಗಳ ಬಳಿ ಇದ್ದರು. ಮಷಿನ್ ಗನ್ ಸುಮ್ಮನಿರಲಿಲ್ಲ. 6.30ಕ್ಕೆ ದಾರಿ ತೆರೆಯಿತು. ಮುಂದಿನ ಸಾವಿರ ಗಜ ಬರೀ ಅಡ್ಡಿಗಳೇ, ಅದನ್ನು 10.30ಕ್ಕೆ ಮುಗಿಸಿದರು. ಟ್ಯಾಂಕುಗಳು ದಾಟಿಹೋದವು, ಮಧ್ಯಾಹ್ನ 2ಕ್ಕೆ ಚಿಂಗಸ್ ತಲಪಿದವು. ಚಿಂಗಸ್‌ನಲ್ಲಿ ಮೊಗಲರ ಕಾಲದ ಹಳೆಯ ಸರಾಯಿ ಇದೆ, ಜಹಾಂಗೀರ್ ಬಾದಷಹನ ಹೆಸರಿನೊಂದಿಗೆ ತಳಕು ಹಾಕಿಕೊಂಡ ಜಾಗ.

ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ ಇಲ್ಲಿಂದ ಮುಂದಿನದು. ಟ್ಯಾಂಕುಗಳು ದಾಟಿದ ಮೇಲೆ ಎಲ್ಲರ ಕಣ್ಣು ಮುಂದಿತ್ತು. ಆದರೆ ಆಹಾರ, ಮದ್ದುಗುಂಡು ಹೊತ್ತ ಲಾರಿಗಳು ಟ್ಯಾಂಕಿನಂತೆ ಹಳ್ಳದಿಣ್ಣೆ ಹತ್ತಿ ಬರಲಾರವು. ರಾಣೆ ಹಿಂದೆಯೇ ಉಳಿದು, ಊಟ ವಿಶ್ರಾಂತಿಯಿಲ್ಲದೆ, ಅಂದು ರಾತ್ರಿ 9ರವರೆಗೆ ರಸ್ತೆ ಸರಿಪಡಿಸಿದರು. 11ರಂದು ಬೆಳಿಗ್ಗೆ 6ಕ್ಕೆ ಮತ್ತೆ ಆರಂಭ. 11 ಗಂಟೆಗೆ ಚಿಂಗಸ್‌ವರೆಗಿನ ರಸ್ತೆ ಪೂರ್ತಿ ತೆರೆಯಿತು. ಅಂದೂ ರಾತ್ರಿ 10ರವರೆಗೆ ಮುಂದಿನ ಹಾದಿಯ ಕೆಲಸ ನಡೆದೇ ಇತ್ತು. 12ರಂದು ಸೇನೆ ರಜೌರಿ ಸೇರಿತು. ಕ್ಷಣದ ಆವೇಶದಲ್ಲಿ ಮುನ್ನುಗ್ಗಿದವರನ್ನು ನಾವು ಹೊಗಳುತ್ತೇವೆ, ಹೊಗಳಬೇಕು ಕೂಡ. ಗಾಯದ ಮೈಯಲ್ಲಿ ನಾಲ್ಕು ದಿನ ಗಡಿಯಾರ ನೋಡಿಕೊಂಡು ಮಾಡಿದ ಈ ಶೌರ್ಯ ಬೇರೆ ಜಾತಿಯದು.

ಪರಮವೀರ ಚಕ್ರ ಸ್ಥಾಪನೆಯಾದದ್ದು 1950ರ ಜನವರಿ 26ರಂದು, ಸ್ವಾತಂತ್ರ್ಯದ ದಿನದಿಂದಲೇ ಅನ್ವಯವಾಗುವಂತೆ. ಆ ಮೊದಲ ಯುದ್ಧಕ್ಕಾಗಿ ಐವರಿಗೆ ದೊರೆಯಿತು. ಬದುಕಿದ್ದು ಪಡೆದವರು ರಾಣೆ ಮತ್ತು ಕರಮ್ ಸಿಂಗ್ ಇಬ್ಬರೇ. ಇಂದಿನವರೆಗೆ ಈ ಪದಕ ಪಡೆದವರು ಒಟ್ಟು 21 ಮಂದಿ, ಅವರಲ್ಲಿ 14 ಮಂದಿಗೆ ಅದು ಮರಣೋತ್ತರ.

ರಾಣೆಯವರು 1968ರಲ್ಲಿ ಮೇಜರ್ ಆಗಿ ನಿವೃತ್ತರಾದರು. 1994ರ ಜುಲೈ 11ರಂದು ಪುಣೆಯಲ್ಲಿ ತೀರಿಕೊಂಡರು. ಕಾರವಾರದ ಪ್ರತಿಮೆ 2006ರ ನವೆಂಬರ್‌ನಲ್ಲಿ ಅನಾವರಣಗೊಂಡಿತು. 2023ರ ಜನವರಿಯಲ್ಲಿ ಅಂಡಮಾನ್ ನಿಕೋಬಾರ್‌ನ 21 ದ್ವೀಪಗಳಿಗೆ ಪರಮವೀರರ ಹೆಸರಿಟ್ಟಾಗ ಒಂದಕ್ಕೆ ಅವರ ಹೆಸರು ಬಂತು. ಮಂಗಳೂರು, ಉಡುಪಿ ಕಡೆಯಿಂದ ಹೆದ್ದಾರಿಯಲ್ಲಿ ಕಾರವಾರಕ್ಕೆ ಹೋಗುವವರಿಗೆ ಚೆಂಡಿಯಾ, ಪಟ್ಟಣ ಸೇರುವ ಸ್ವಲ್ಪ ಮೊದಲೇ ಸಿಗುತ್ತದೆ.