ಮೋಟಾರಿನ ಮುಂಫಲಕಕ್ಕೆ ಯಾವ ಬಣ್ಣದ ಬೆಳಕು?

ರಾತ್ರಿಯಲ್ಲಿ ಮೋಟಾರು ನಡೆಸುವವನ ಕಣ್ಣಿಗೆ ಎರಡು ಕೆಲಸಗಳುಂಟು. ಹೊರಗೆ, ದೀಪವಿಲ್ಲದೆ ಸಾಗುವ ಎತ್ತಿನ ಗಾಡಿಯನ್ನೂ ರಸ್ತೆ ದಾಟುವ ಪಾದಚಾರಿಯನ್ನೂ ಅದು ಗುರುತಿಸಬೇಕು. ಒಳಗೆ, ವೇಗಮಾಪಕದ ಅಂಕಿಗಳನ್ನು ಓದಬೇಕು. ಮುಂಫಲಕದ ದೀಪಗಳ ಬಣ್ಣವನ್ನು ತಮ್ಮ ಇಚ್ಛೆಯಂತೆ ಬದಲಾಯಿಸಿಕೊಳ್ಳುವ ಹವ್ಯಾಸ ಕೆಲವರಿಗುಂಟಷ್ಟೆ. ಅದು ಬರಿಯ ಅಂದಚೆಂದದ ಮಾತಲ್ಲ.

ನಮ್ಮ ಅಕ್ಷಿಪಟದಲ್ಲಿ ನೋಟಕ್ಕೆ ನೆರವಾಗುವ ಕೋಶಗಳು ಎರಡು ಬಗೆ. ಶಂಕುಕೋಶಗಳು ಹಗಲಿನಲ್ಲಿ ದುಡಿದು ಬಣ್ಣಗಳನ್ನು ತಿಳಿಸುತ್ತವೆ. ದಂಡಕೋಶಗಳು ಮಂದ ಬೆಳಕಿನಲ್ಲಿ ದುಡಿಯುತ್ತವೆ, ಅವು ಬಣ್ಣವನ್ನರಿಯವು. ಹಗಲಿಗೆ ಒಗ್ಗಿದ ಕಣ್ಣು ಸುಮಾರು ೫೫೫ ನ್ಯಾನೋಮೀಟರ್ ಅಲೆಯುದ್ದದ ಹಳದಿ-ಹಸಿರಿಗೆ ಅತ್ಯಂತ ಸೂಕ್ಷ್ಮವಾದರೆ, ಕತ್ತಲೆಗೆ ಒಗ್ಗಿದ ಕಣ್ಣು ೫೦೭ ನ್ಯಾನೋಮೀಟರಿನ ನೀಲಿ-ಹಸಿರಿಗೆ ಸೂಕ್ಷ್ಮ. ಈ ಪಲ್ಲಟವನ್ನು ಬೊಹೀಮಿಯದ ಪುರ್ಕಿನ್ಯೆ ೧೮೨೫ರಲ್ಲಿ ವರ್ಣಿಸಿದನು. ಸಂದೇಹವುಳ್ಳವರು ಮುಸ್ಸಂಜೆಯಲ್ಲಿ ಕೆಂಪು ದಾಸವಾಳದ ಗಿಡದೆದುರು ಅರ್ಧ ಗಂಟೆ ಕುಳಿತು ನೋಡಲಿ: ಹೂವು ಮೊದಲು ಕಪ್ಪಾಗುವುದು, ಎಲೆಗಳು ಇನ್ನೂ ತೋರುತ್ತಿರುವುವು.

ದಂಡಕೋಶಗಳಲ್ಲಿರುವ ರೊಡಾಪ್ಸಿನ್ ಎಂಬ ವಸ್ತು ಬೆಳಕು ತಾಗಿದರೆ ಕಳೆಗುಂದುತ್ತದೆ. ಮತ್ತೆ ಪೂರ್ಣವಾಗಿ ಕೂಡಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ೬೨೦ ನ್ಯಾನೋಮೀಟರಿಗೂ ಮೀರಿದ ಕೆಂಪು ಬೆಳಕು ಅದನ್ನು ಬಹಳ ಕಡಮೆ ಕೆಡಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದ ವಿಮಾನಗಳಲ್ಲಿ ಕೆಂಪು ದೀಪಗಳನ್ನು ಬಳಸಿದ್ದು ಇದರಿಂದಲೇ. ಆದರೆ ಮೋಟಾರು ವಿಮಾನವಲ್ಲ. ತನ್ನದೇ ಮುಂದೀಪಗಳ ಬೆಳಕು ರಸ್ತೆಯಿಂದ ಮರಳಿ ಬರುತ್ತಿರುವುದರಿಂದ ಚಾಲಕನ ಕಣ್ಣು ಎಂದೂ ಪೂರ್ಣವಾಗಿ ಕತ್ತಲೆಗೆ ಒಗ್ಗುವುದಿಲ್ಲ. ಆದುದರಿಂದ, ನನ್ನ ಅಭಿಪ್ರಾಯದಲ್ಲಿ, ಬಣ್ಣಕ್ಕಿಂತಲೂ ಬೆಳಕಿನ ಪ್ರಮಾಣವೇ ಇಲ್ಲಿ ಮುಖ್ಯ: ಮಂದವಾದ ಹಸಿರು ಪ್ರಖರವಾದ ಕೆಂಪಿಗಿಂತ ಲೇಸು. ನೀಲಿಯದು ಬೇರೆ ತೊಡಕು. ಅಕ್ಷಿಪಟದ ನಟ್ಟನಡುವೆ ನೀಲಿಯನ್ನು ಗ್ರಹಿಸುವ ಶಂಕುಗಳೇ ಇಲ್ಲ. ಮೇಲಾಗಿ ಕಣ್ಣಿನ ಮಸೂರವು ನೀಲಿಯನ್ನು ಕೆಂಪಿಗಿಂತ ಹೆಚ್ಚಾಗಿ ಬಾಗಿಸುವುದರಿಂದ ನೀಲಿ ಅಂಕಿಗಳೂ ಕೆಂಪು ಮುಳ್ಳೂ ಒಟ್ಟಿಗೆ ಸ್ಪಷ್ಟವಾಗಿ ಕಾಣವು.

ಹಳೆಯ ಗಾಡಿಗಳಲ್ಲಿ ಟಂಗ್‌ಸ್ಟನ್ ಬಲ್ಬಿಗೆ ಬಣ್ಣದ ಟೊಪ್ಪಿಗೆ ತೊಡಿಸುತ್ತಿದ್ದರು. ಟೊಪ್ಪಿಗೆ ಬಣ್ಣವನ್ನು ಹುಟ್ಟಿಸದು, ಉಳಿದವನ್ನು ತಡೆಯುತ್ತದೆ ಅಷ್ಟೆ. ಕಾದ ತಂತಿಯ ಬೆಳಕಿನಲ್ಲಿ ನೀಲಿ ಅತ್ಯಲ್ಪವಾದ್ದರಿಂದ ನೀಲಿ ಟೊಪ್ಪಿಗೆಯ ದೀಪ ಮಿಣುಕುತ್ತಿತ್ತು. ಎಲ್‌ಇಡಿಯಾದರೋ ಬಣ್ಣವನ್ನೇ ಹುಟ್ಟಿಸುತ್ತದೆ. ಅರೆವಾಹಕದಲ್ಲಿ ಎಲೆಕ್ಟ್ರಾನು ಮೇಲಿನ ಶಕ್ತಿಪಟ್ಟಿಯಿಂದ ಕೆಳಗಿನದಕ್ಕೆ ಇಳಿಯುವಾಗ ನಡುವಣ ಅಂತರದಷ್ಟು ಶಕ್ತಿ ಬೆಳಕಾಗಿ ಹೊಮ್ಮುತ್ತದೆ. ೧೨೪೦ನ್ನು ಅಲೆಯುದ್ದದ ನ್ಯಾನೋಮೀಟರುಗಳಿಂದ ಭಾಗಿಸಿದರೆ ಆ ಶಕ್ತಿ ಎಲೆಕ್ಟ್ರಾನ್‌ವೋಲ್ಟುಗಳಲ್ಲಿ ದೊರೆಯುತ್ತದೆ: ೬೩೦ರ ಕೆಂಪಿಗೆ ಸುಮಾರು ೨, ೪೭೦ರ ನೀಲಿಗೆ ೨.೬. ಅಷ್ಟು ದೊಡ್ಡ ಅಂತರದ ಹರಳನ್ನು ಸಿದ್ಧಪಡಿಸುವುದು ಕಷ್ಟವಾಗಿತ್ತು; ಪ್ರಖರವಾದ ನೀಲಿ ಎಲ್‌ಇಡಿಗಾಗಿ ಅಕಾಸಾಕಿ, ಅಮಾನೋ, ನಾಕಾಮುರ ಇವರಿಗೆ ೨೦೧೪ರ ನೊಬೆಲ್ ಬಹುಮಾನ ಸಂದಿತು.

ಬಲ್ಬನ್ನು ತೆಗೆದು ಎಲ್‌ಇಡಿ ಕೂಡಿಸುವವರು ಮಾಪಕದ ಫಲಕವನ್ನು ಮೊದಲು ಪರೀಕ್ಷಿಸಬೇಕು. ಅದಕ್ಕೇ ಹಸಿರು ಲೇಪವಿದ್ದರೆ ಹಿಂದಿನಿಂದ ಬಂದ ಕೆಂಪು ಬೆಳಕು ಅಲ್ಲಿಯೇ ಹೀರಲ್ಪಟ್ಟು ಫಲಕ ಕಪ್ಪಾಗಿಯೇ ಉಳಿಯುತ್ತದೆ. ಧನ-ಋಣ ತುದಿಗಳು ಅದಲುಬದಲಾದರೆ ದೀಪ ಹತ್ತುವುದೇ ಇಲ್ಲ. ಎಂಜಿನ್ ನಡೆಯುವಾಗ ಗಾಡಿಯ ಒತ್ತಡ ಸುಮಾರು ೧೪ ವೋಲ್ಟು. ನೀಲಿ ಎಲ್‌ಇಡಿ ೩ ವೋಲ್ಟನ್ನು ಬಳಸಿಕೊಂಡರೆ ಉಳಿದ ೧೧ನ್ನು ರೋಧಕವೊಂದು ಹೊರಬೇಕು. ೨೦ ಮಿಲಿಆಂಪಿಯರಿಗೆ ಅದು ೫೫೦ ಓಮ್; ಅದರಲ್ಲಿ ಕಾಲು ವಾಟಿಗೆ ಸಮೀಪದ ಶಾಖ ಹುಟ್ಟುವುದರಿಂದ ಅರ್ಧ ವಾಟಿನ ರೋಧಕವನ್ನೇ ಆರಿಸುವುದು ಕ್ಷೇಮ.

ಎಚ್ಚರಿಕೆಯ ದೀಪಗಳನ್ನು ಮಾತ್ರ ಮುಟ್ಟಬಾರದು. ಎಣ್ಣೆಯ ಒತ್ತಡ ಕುಸಿದರೆ ಕೆಂಪು, ಮುಂದೀಪದ ದೂರಕಿರಣ ಉರಿಯುತ್ತಿದ್ದರೆ ನೀಲಿ ಎಂಬುದು ಸರ್ವತ್ರ ರೂಢಿ. ಇಡೀ ಫಲಕವೇ ನೀಲಿಯಾದರೆ ಆ ಪುಟ್ಟ ನೀಲಿ ದೀಪ ಅದರೊಳಗೆ ಅಡಗಿಹೋಗುತ್ತದೆ. ದೂರಕಿರಣ ಹತ್ತಿಯೇ ಇರುವುದನ್ನು ಚಾಲಕ ಅರಿಯುವುದಿಲ್ಲ, ಎದುರಿನಿಂದ ಬರುವವನ ಕಣ್ಣು ಕೋರೈಸುತ್ತದೆ.