ರೆಕ್ಕೆಯ ಮೇಲೊಂದು ವಿಳಾಸ

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಪಟ್ಟಣದ ಹೊರಗಿನ ಜೌಗು ಬಯಲಿನಲ್ಲಿ ಕೈಯಲ್ಲಿ ಬಲೆ ಹಿಡಿದ ಜನ ಕಾಣತೊಡಗುತ್ತಾರೆ. ಶಾಲೆಯ ಮಕ್ಕಳು, ಅವರ ಅಪ್ಪ-ಅಮ್ಮ, ನಿವೃತ್ತರು. ಅವರು ಬಲೆ ಬೀಸುವುದು ಕಿತ್ತಳೆ ರೆಕ್ಕೆಗೆ ಕಪ್ಪು ಗೆರೆ ಎಳೆದ ಮೊನಾರ್ಕ್ ಚಿಟ್ಟೆಗೆ. ಸಿಕ್ಕಿದ ಚಿಟ್ಟೆಯ ರೆಕ್ಕೆ ಮಡಿಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಗುರವಾಗಿ ಹಿಡಿಯುತ್ತಾರೆ. ಹಿಂರೆಕ್ಕೆಯ ಹೊರಮೈಯಲ್ಲಿ ಕಪ್ಪು ನರಗಳು ಸುತ್ತುವರಿದ ಒಂದು ದೊಡ್ಡ ಖಾನೆಯಿದೆ. ಹಣೆಗಿಡುವ ಸ್ಟಿಕ್ಕರ್ ಬೊಟ್ಟಿನಂಥ, 9 ಮಿಲಿಮೀಟರ್ ಅಗಲದ ದುಂಡು ಚೀಟಿಯನ್ನು ಕಡ್ಡಿಯ ತುದಿಯಿಂದ ಎತ್ತಿ ಆ ಖಾನೆಯ ಮೇಲಿಟ್ಟು, ಎರಡು ಮೂರು ಸೆಕೆಂಡು ಒತ್ತಿ ಹಿಡಿಯುತ್ತಾರೆ. ಅಷ್ಟೇ. ಕೈ ಸಡಿಲಿಸಿದರೆ ಚಿಟ್ಟೆ ಎದ್ದು ದಕ್ಷಿಣಕ್ಕೆ ಮುಖ ಮಾಡುತ್ತದೆ.

ಪುಸ್ತಕದಲ್ಲಿ ಚೀಟಿಯ ಸಂಕೇತ, ದಿನಾಂಕ, ಊರು, ಗಂಡೋ ಹೆಣ್ಣೋ ಎಂಬುದು ದಾಖಲಾಗುತ್ತದೆ. ಗುರುತು ಸುಲಭ: ಗಂಡಿನ ಹಿಂರೆಕ್ಕೆಯ ನರದ ಮೇಲೆ ಒಂದೊಂದು ಕಪ್ಪು ಮಚ್ಚೆ, ಹೆಣ್ಣಿಗೆ ಮಚ್ಚೆಯಿಲ್ಲ, ನರಗಳು ಮಾತ್ರ ತುಸು ದಪ್ಪ. ಚಿಟ್ಟೆಯ ತೂಕ ಸುಮಾರು ಅರ್ಧ ಗ್ರಾಂ. ಚೀಟಿಯದು ಅದರ ಐವತ್ತನೇ ಒಂದು ಭಾಗ. ಅದೂ ಮೈಯ ಸಮತೋಲ ಕೆಡದಂಥ ಜಾಗದಲ್ಲಿ ಕೂರುವುದರಿಂದ ಹಾರಾಟಕ್ಕೆ ಅಡ್ಡಿಯಾಗುವುದಿಲ್ಲ.

ಈ ಕೆಲಸ ನಡೆಸುವ ಸಂಸ್ಥೆಯ ಹೆಸರು ಮೊನಾರ್ಕ್ ವಾಚ್. ಕಾನ್ಸಾಸ್ ವಿಶ್ವವಿದ್ಯಾಲಯದ ಕೀಟವಿಜ್ಞಾನಿ ಚಿಪ್ ಟೇಲರ್ 1992ರಲ್ಲಿ ಶುರುಮಾಡಿದ್ದು. ಸ್ವಯಂಸೇವಕರು ಚೀಟಿಗಳನ್ನು ಸ್ವಂತ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ, ಹಚ್ಚುತ್ತಾರೆ, ಲೆಕ್ಕ ಬರೆದು ಕಳಿಸುತ್ತಾರೆ. ಇದುವರೆಗೆ ಹೀಗೆ ಚೀಟಿ ಹೊತ್ತು ಹಾರಿದ ಚಿಟ್ಟೆಗಳು 20 ಲಕ್ಷಕ್ಕೂ ಹೆಚ್ಚು. ಮರಳಿ ಸಿಕ್ಕಿದ ಚೀಟಿಗಳು ನೂರಕ್ಕೆ ಒಂದರ ಆಸುಪಾಸು. ಇಂಥ ನಷ್ಟದ ವ್ಯವಹಾರಕ್ಕೆ ಇಷ್ಟೊಂದು ಜನ ವರ್ಷ ವರ್ಷ ಕೈಹಾಕುತ್ತಾರಲ್ಲ ಎಂದು ನಮಗೆ ಸೋಜಿಗವಾಗಬಹುದು. ಆದರೆ ಮೊನಾರ್ಕ್ ಚಿಟ್ಟೆಯ ಬಗ್ಗೆ ಇಂದು ಗೊತ್ತಿರುವುದರಲ್ಲಿ ದೊಡ್ಡ ಪಾಲು ಆ ಒಂದರಿಂದಲೇ ಗೊತ್ತಾದದ್ದು.

ಚಳಿಗಾಲಕ್ಕೆ ಈ ಚಿಟ್ಟೆಗಳು ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆ ಮೊನಾರ್ಕ್ ವಾಚ್‌ಗಿಂತ ಬಹಳ ಮೊದಲೇ ಬೆನ್ನುಹತ್ತಿದ್ದು ಕೆನಡಾದ ಟೊರೊಂಟೊದ ಪ್ರಾಣಿವಿಜ್ಞಾನಿ ಫ್ರೆಡ್ ಅರ್ಕರ್ಟ್ ಮತ್ತು ಅವರ ಪತ್ನಿ ನೋರಾ ಅವರಿಗೆ. ಮೊದಮೊದಲು ಅಂಚೆಚೀಟಿಯಂತೆ ಅಂಟು ಹಚ್ಚಿದ ಲೇಬಲ್ ಬಳಸಿದರು, ಮಳೆಗೆ ಉದುರಿಹೋದವು. ಕೊನೆಗೆ ಕೈಹಿಡಿದದ್ದು ಅಂಗಡಿಗಳಲ್ಲಿ ಗಾಜಿನ ಸಾಮಾನಿಗೆ ಹಚ್ಚುವ ಬೆಲೆಚೀಟಿಯ ಅಂಟು. ಮುಂರೆಕ್ಕೆಯ ಅಂಚಿನ ಪುಡಿಯನ್ನು ಬೆರಳಿಂದ ಸವರಿ ತೆಗೆದು, ಚೀಟಿಯನ್ನು ಅಂಚಿನ ಸುತ್ತ ಮಡಿಚಿ ಅಂಟಿಸುತ್ತಿದ್ದರು. ಟೊರೊಂಟೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೆ ಕಳಿಸಿ ಎಂಬ ಒಕ್ಕಣೆ ಅದರ ಮೇಲೆ. 1952ರಲ್ಲಿ ನೋರಾ ಪತ್ರಿಕೆಯೊಂದರಲ್ಲಿ ಲೇಖನ ಬರೆದು ಸಹಾಯ ಕೇಳಿದಾಗ ಓಗೊಟ್ಟವರು ಹನ್ನೆರಡು ಮಂದಿ. ಮುಂದೆ ಅದು ನೂರಾರು ಜನರ ಬಳಗವಾಯಿತು. ಚೀಟಿಗಳು ಒಂದೊಂದಾಗಿ ಸಿಕ್ಕಿದಂತೆ ನಕ್ಷೆಯ ಮೇಲಿನ ಗೆರೆಗಳು ಟೆಕ್ಸಸ್‌ನತ್ತ ಇಳಿದವು, ಅಲ್ಲಿಂದಾಚೆ ಮೆಕ್ಸಿಕೊದೊಳಗೆ ಮಾಯವಾದವು.

ನೋರಾ ಮೆಕ್ಸಿಕೊದ ಪತ್ರಿಕೆಗಳಿಗೂ ಬರೆದರು. ಆ ಮನವಿ ಓದಿ ಹುಡುಕಾಟಕ್ಕಿಳಿದವರು ಕೆನ್ ಬ್ರಗ್ಗರ್ ಮತ್ತು ಮಿಚೊವಕಾನ್ ಪ್ರಾಂತ್ಯದ ಯುವತಿ ಕಟಲಿನಾ ಅಗ್ವಾದೊ. 1975ರ ಜನವರಿ 2ರಂದು ಸೆರ್ರೊ ಪೆಲೋನ್ ಬೆಟ್ಟದಲ್ಲಿ, ಸಮುದ್ರಮಟ್ಟದಿಂದ ಸುಮಾರು 3,000 ಮೀಟರ್ ಎತ್ತರದ ಒಯಮೆಲ್ ಎಂಬ ಫರ್ ಮರಗಳ ಕಾಡಿನಲ್ಲಿ, ಅವರಿಗೆ ಕಾಂಡವೂ ಕೊಂಬೆಯೂ ಕಾಣದಂತೆ ಚಿಟ್ಟೆಗಳು ಮುತ್ತಿದ ಮರಗಳು ಕಂಡವು. ಬ್ರಗ್ಗರ್‌ಗೆ ಬಣ್ಣಗುರುಡು, ಆ ಕಿತ್ತಳೆಯ ವೈಭವ ಪೂರ್ತಿಯಾಗಿ ದಕ್ಕಿದ್ದು ಕಟಲಿನಾಗೆ ಮಾತ್ರ. ಮರುವರ್ಷ ಅರ್ಕರ್ಟ್ ದಂಪತಿ ತಾವೇ ಬೆಟ್ಟ ಹತ್ತಿದರು. ಚಿಟ್ಟೆಗಳ ಭಾರಕ್ಕೆ ಕೊಂಬೆಯೊಂದು ಮುರಿದುಬಿತ್ತು. ನೆಲಕ್ಕೆ ಚೆಲ್ಲಿದ ರಾಶಿಯಲ್ಲಿ ಒಂದರ ರೆಕ್ಕೆಯ ಮೇಲೆ ಬಿಳಿ ಚೀಟಿ! ಹಿಂದಿನ ಆಗಸ್ಟ್‌ನಲ್ಲಿ ಮಿನ್ನೆಸೋಟ ರಾಜ್ಯದ ಚಾಸ್ಕ ಎಂಬ ಊರಿನಲ್ಲಿ ಒಬ್ಬ ಶಾಲಾ ಮೇಷ್ಟ್ರು ಮತ್ತು ಇಬ್ಬರು ವಿದ್ಯಾರ್ಥಿಗಳು ಹಚ್ಚಿದ ಚೀಟಿ ಅದು. ದಶಕಗಳ ಊಹೆಗೆ ಕೈಯಲ್ಲಿ ಹಿಡಿಯಬಹುದಾದ ಸಾಕ್ಷಿ ಸಿಕ್ಕಿತು.

1976ರ ಆಗಸ್ಟ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟದಲ್ಲಿ, ಮೈತುಂಬ ಚಿಟ್ಟೆ ಹೊದ್ದ ಕಟಲಿನಾ ಚಿತ್ರದೊಂದಿಗೆ ಸುದ್ದಿ ಹೊರಬಿತ್ತು. ಅರ್ಕರ್ಟ್ ಮಾತ್ರ ಜಾಗದ ಗುಟ್ಟು ಬಿಟ್ಟುಕೊಡಲಿಲ್ಲ. ಅದೇ ಚಿಟ್ಟೆಯನ್ನು ಜೀವನವಿಡೀ ಅಧ್ಯಯನ ಮಾಡಿದ ಲಿಂಕನ್ ಬ್ರೋವರ್ ಮತ್ತು ಸಂಗಡಿಗರು ತಾವಾಗಿಯೇ ಹುಡುಕಿಕೊಂಡು ಹೋಗಬೇಕಾಯಿತು. ವಿಜ್ಞಾನಿಗಳ ಜಗಳವೂ ಅಣ್ಣತಮ್ಮಂದಿರ ಜಗಳಕ್ಕೆ ಕಡಿಮೆಯೇನಲ್ಲ. ಇತ್ತ ಬೆಟ್ಟದ ತಪ್ಪಲಿನ ಹಳ್ಳಿಗರಿಗೆ ಇದು ಹೊಸ ಸಂಗತಿಯೇ ಆಗಿರಲಿಲ್ಲ. ನವೆಂಬರ್ ಆರಂಭದಲ್ಲಿ, ತೀರಿಕೊಂಡ ಹಿರಿಯರನ್ನು ನೆನೆಯುವ ಹಬ್ಬದ ವೇಳೆಗೆ ಚಿಟ್ಟೆಗಳು ಬರುತ್ತಿದ್ದವು. ಸತ್ತವರ ಆತ್ಮಗಳೇ ಹಾಗೆ ಬರುತ್ತವೆಂಬ ನಂಬಿಕೆ ಅಲ್ಲಿಯದು. ಎಲ್ಲಿಂದ ಬರುತ್ತವೆ ಎಂಬುದಷ್ಟೇ ಅವರಿಗೆ ಗೊತ್ತಿರಲಿಲ್ಲ.

ಚೀಟಿ ಹುಡುಕುವವರದ್ದು ಕತೆಯ ಇನ್ನರ್ಧ, ಅದು ನಮ್ಮ ಪತ್ರಿಕೆಗಳಲ್ಲಿ ಬರುವುದು ಕಡಿಮೆ. ಚೀಟಿ ಹಚ್ಚುವುದು ಬಲು ಸುಲಭ, ಹುಡುಕುವುದು ಕಷ್ಟ. ಬದುಕಿರುವ ಕೋಟ್ಯಂತರ ಚಿಟ್ಟೆಗಳು ಮರದ ಮೇಲೆ ಕೂತಿರುತ್ತವೆ, ಕೈಗೆ ನಿಲುಕುವುದಿಲ್ಲ. ಸಿಗುವ ಚೀಟಿಗಳಲ್ಲಿ ಹೆಚ್ಚಿನವು ನೆಲಕ್ಕೆ ಬಿದ್ದು ಸತ್ತ ಚಿಟ್ಟೆಗಳವು. ಎಲ್ ರೊಸಾರಿಯೊ, ಸಿಯೆರ್ರಾ ಚಿಂಕುವಾ ಬೆಟ್ಟಗಳ ದಾರಿತೋರುಗರು, ಕಾವಲುಗಾರರು, ಅವರ ಮನೆಯ ಹೆಂಗಸರು ಮಕ್ಕಳು ಒಣ ರೆಕ್ಕೆಗಳ ರಾಶಿ ಕೆದಕಿ ಈ ಬೊಟ್ಟನ್ನು ಹೆಕ್ಕುತ್ತಾರೆ. ಅವರಿಂದ ಮೊನಾರ್ಕ್ ವಾಚ್ ಒಂದಕ್ಕೆ ಸುಮಾರು 5 ಡಾಲರ್ ಲೆಕ್ಕದಲ್ಲಿ ಅವನ್ನು ಕೊಂಡುಕೊಳ್ಳುತ್ತ ಬಂದಿದೆ. ಮರ ಕಡಿಯಲು ನಿರ್ಬಂಧ ಬಂದಮೇಲೆ ಕೆಲಸ ಕಳೆದುಕೊಂಡ ಕುಟುಂಬಗಳಿಗೆ ಇದು ಅಲ್ಪಸ್ವಲ್ಪ ಆಸರೆ. ಉತ್ತರದಲ್ಲಿ ಬಲೆ ಬೀಸುವವರ ಉತ್ಸಾಹಕ್ಕಿಂತ ದಕ್ಷಿಣದ ಈ ಹಳ್ಳಿಗರ ಕಣ್ಣೇ ಈ ವಿಜ್ಞಾನದ ನಿಜವಾದ ಉಪಕರಣ ಎಂಬುದು ನನ್ನ ಅಭಿಪ್ರಾಯ.

ಚೀಟಿಗಳು ಕಲಿಸಿದ್ದೇನು? ಬೇಸಿಗೆಯ ಕೊನೆಗೆ, ಶರತ್ಕಾಲದ ಹೊಸ್ತಿಲಲ್ಲಿ ಹುಟ್ಟುವ ಒಂದೇ ತಲೆಮಾರು ಅಷ್ಟು ದೂರ, ಕೆಲವು ಕಡೆಯಿಂದ 4,000 ಕಿಲೋಮೀಟರಿಗೂ ಹೆಚ್ಚು, ಹಾರಿಹೋಗುತ್ತದೆ ಎಂಬುದು ಮೊದಲ ಪಾಠ. ಬೇಸಿಗೆಯ ಮೊನಾರ್ಕ್ ಕೆಲವೇ ವಾರ ಬದುಕಿದರೆ ಈ ತಲೆಮಾರಿಗೆ ಎಂಟು ತಿಂಗಳ ಆಯಸ್ಸು. ತಡವಾಗಿ ಹೊರಟವುಗಳಲ್ಲಿ ಮೆಕ್ಸಿಕೊ ಮುಟ್ಟುವವು ಕಡಿಮೆ ಎಂಬುದೂ ಚೀಟಿಗಳಿಂದ ತಿಳಿಯಿತು. ಇನ್ನೂ ಮುಖ್ಯವಾದದ್ದು ಕಾಡಿನಲ್ಲಿ ಚಿಟ್ಟೆಗಳು ಆವರಿಸುವ ಜಾಗ ಕುಗ್ಗುತ್ತಿರುವ ಪ್ರಶ್ನೆ. 1996-97ರಲ್ಲಿ 18 ಹೆಕ್ಟೇರಿನಷ್ಟು ಇದ್ದದ್ದು 2013-14ರಲ್ಲಿ 0.67 ಹೆಕ್ಟೇರಿಗೆ ಇಳಿಯಿತು. ದಾರಿಯಲ್ಲಿ ಹೆಚ್ಚು ಸಾಯುತ್ತಿವೆಯೇ, ಹುಟ್ಟುವುದೇ ಕಡಿಮೆಯಾಯಿತೇ? 1998ರಿಂದ 2015ರವರೆಗಿನ ಹದಿಮೂರು ಲಕ್ಷಕ್ಕೂ ಹೆಚ್ಚು ಚೀಟಿಗಳ ದಾಖಲೆಯನ್ನು ಟೇಲರ್ ಮತ್ತು ಜೊತೆಗಾರರು ಜಾಲಾಡಿದರು. ಗುರಿ ಮುಟ್ಟುವ ಪ್ರಮಾಣ ವರ್ಷದಿಂದ ವರ್ಷಕ್ಕೆ ಕುಸಿದಿರಲಿಲ್ಲ. ಹಾಗಾದರೆ ಪೆಟ್ಟು ಬಿದ್ದಿರುವುದು ಹುಟ್ಟುವ ಜಾಗದಲ್ಲೇ. ಮೊನಾರ್ಕ್ ಮರಿಹುಳು ತಿನ್ನುವುದು ಮಿಲ್ಕ್‌ವೀಡ್ ಗಿಡ ಒಂದನ್ನೇ. ಕಳೆನಾಶಕ ತಾಳುವ ಕುಲಾಂತರಿ ಸೋಯಾ, ಮೆಕ್ಕೆಜೋಳ ಬಂದಮೇಲೆ ಅಮೆರಿಕದ ಹೊಲಗಳಿಂದ ಆ ಗಿಡ ಬಹುಮಟ್ಟಿಗೆ ಅಳಿಸಿಹೋಯಿತು. 2024-25ರಲ್ಲಿ ಚಿಟ್ಟೆಗಳು 1.79 ಹೆಕ್ಟೇರಿಗೆ ಚೇತರಿಸಿಕೊಂಡವು. ಸಮಾಧಾನಪಡುವ ಅಂಕಿಯಂತೂ ಅಲ್ಲ.

ಚೀಟಿಗೆ ಮಿತಿಯಿದೆ. ಅದು ಹೊರಟ ಊರು ಮತ್ತು ಸಿಕ್ಕಿದ ಜಾಗ ಎರಡನ್ನೇ ಹೇಳುತ್ತದೆ, ನಡುವಿನ ದಾರಿಯನ್ನಲ್ಲ. ಆ ಕೊರತೆ ತುಂಬಲು ಈಗ 0.06 ಗ್ರಾಂ ತೂಗುವ, ಸೂರ್ಯನ ಬೆಳಕಿನಿಂದ ನಡೆಯುವ ರೇಡಿಯೊ ಟ್ಯಾಗ್‌ಗಳು ಬಂದಿವೆ. ಆದರೂ ಶಾಲೆಯ ಮಗುವಿನ ಕೈಗೆಟುಕುವುದು ಹಳೆಯ ಸ್ಟಿಕ್ಕರ್ ಒಂದೇ.

ಮೊನಾರ್ಕ್ ನಮ್ಮ ನಾಡಿನ ಚಿಟ್ಟೆಯಲ್ಲ. ಆದರೆ ಅದರ ದಾಯಾದಿಗಳು ನಮ್ಮಲ್ಲಿವೆ. ಹಿತ್ತಲಿನ ಎಕ್ಕದ ಗಿಡದಲ್ಲಿ ಮೊಟ್ಟೆಯಿಡುವ ಪ್ಲೈನ್ ಟೈಗರ್ ಅದೇ ವಂಶದ್ದು. ಎಕ್ಕವೂ ಮಿಲ್ಕ್‌ವೀಡ್‌ನ ಬಳಗವೇ. ಬ್ಲೂ ಟೈಗರ್, ಕಾಮನ್ ಕ್ರೋ ಮುಂತಾದವು ಮುಂಗಾರಿನ ಹೊತ್ತಿಗೆ ಪಶ್ಚಿಮಘಟ್ಟ ಬಿಟ್ಟು ಪೂರ್ವದ ಬಯಲು, ಬೆಟ್ಟಗಳತ್ತ ಸಾಗುತ್ತವೆ. ಮಳೆಗಾಲ ಮುಗಿದ ಮೇಲೆ ಹಿಂತಿರುಗುತ್ತವೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಮೊದಲಾದವರು ಇದನ್ನು ಅಭ್ಯಾಸ ಮಾಡಿದ್ದಾರೆ. ಈ ವಲಸೆಯ ವಿವರ ಕಲೆಹಾಕುವುದಕ್ಕೆ ಮುಖ್ಯ ಆಧಾರ ನೋಡಿ ಬರೆದಿಟ್ಟವರ ಟಿಪ್ಪಣಿಗಳು.

ಹಾಗೆಂದು ಅನುಮತಿಯಿಲ್ಲದೆ ಚಿಟ್ಟೆ ಹಿಡಿದು ಸ್ಟಿಕ್ಕರ್ ಅಂಟಿಸಲು ಹೋಗಬೇಡಿ. ಏಪ್ರಿಲ್‌ನಿಂದ ಜೂನ್, ಅಕ್ಟೋಬರ್-ನವೆಂಬರ್, ಈ ತಿಂಗಳುಗಳಲ್ಲಿ ನೀಲಿ ಪಟ್ಟೆಯ ಕಪ್ಪು ಚಿಟ್ಟೆಗಳು ಒಂದೇ ದಿಕ್ಕಿಗೆ ಸಾಲಾಗಿ ಹಾರುವುದು ಕಂಡರೆ ದಿನಾಂಕ, ಊರು, ದಿಕ್ಕು, ಹತ್ತು ನಿಮಿಷದಲ್ಲಿ ಎಷ್ಟು ಹೋದವು ಎಂಬಿಷ್ಟನ್ನು ಬರೆದು, ಒಂದು ಫೋಟೊ ಸಮೇತ ಐನ್ಯಾಚುರಲಿಸ್ಟ್‌ಗೋ ಬಟರ್‌ಫ್ಲೈಸ್ ಆಫ್ ಇಂಡಿಯಾ ಜಾಲತಾಣಕ್ಕೋ ಕಳಿಸಿ. ಬೇಲಿಯ ಎಕ್ಕವನ್ನು ಕಳೆಯೆಂದು ಕೀಳಬೇಡಿ.